ಸೆರೆಂಗೆಟಿಯ ಮೃಗದರ್ಶನ

ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ, ಅದರ ಉತ್ತರದ ಎಲ್ಲೆಗೆ ತಾಗಿದಂತೆ, ಸೆರೆಂಗೆಟಿ ಎಂಬ ಮಹಾ ಬಯಲೊಂದುಂಟು. ಮಸಾಯಿ ಜನರ ನುಡಿಯಲ್ಲಿ ಈ ಹೆಸರಿಗೆ ಕೊನೆಗಾಣದೆ ಹಬ್ಬಿದ ನೆಲವೆಂದು ಅರ್ಥ ಹೇಳುವರು. ದನದ ಮುಖವೂ ಜಿಂಕೆಯ ಕಾಲೂ ಉಳ್ಳ ವಿಲ್ಡಬೀಸ್ಟ್ ಎಂಬ ಮೃಗಗಳು ಸುಮಾರು 13 ಲಕ್ಷದಷ್ಟು ಈ ಬಯಲಿನಲ್ಲಿ ಮಳೆಯನ್ನೂ ಹುಲ್ಲನ್ನೂ ಅರಸುತ್ತ ವರ್ಷವೆಲ್ಲ ಸಂಚರಿಸುವುವು. ಪಟ್ಟೆಕುದುರೆಗಳೂ ಹುಲ್ಲೆಗಳೂ ಅವುಗಳ ಜೊತೆಗೂಡುವುವು. ಸಿಂಹಗಳೂ ಕತ್ತೆಕಿರುಬಗಳೂ ಅವುಗಳ ಬೆನ್ನು ಹತ್ತುವುವು. ಇದನ್ನು ಕಣ್ಣಾರೆ ಕಾಣಬೇಕೆಂದು ನಾನಾ ದೇಶಗಳ ಜನರು ರಜೆಯ ದಿನಗಳಲ್ಲಿ ಅಲ್ಲಿಗೆ ಪ್ರಯಾಣ ಮಾಡುವರು. ಮನುಷ್ಯನ ಕೈ ಸೋಕದ ಆದಿಕಾಲದ ಪ್ರಕೃತಿಯನ್ನೇ ನೋಡಿ ಬಂದೆವೆಂಬುದು ಅವರಲ್ಲಿ ಅನೇಕರ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ದಿಟವೆಂಬುದನ್ನು ಆ ಬಯಲಿನ ಚರಿತ್ರೆಯನ್ನೇ ಕೇಳಬೇಕು.

ಈ ಪ್ರವಾಸಕ್ಕೆ ಸಫಾರಿ ಎಂದು ಹೆಸರು. ಪ್ರಯಾಣವೆಂಬ ಅರ್ಥವುಳ್ಳ ಸ್ವಾಹಿಲಿ ಮಾತು ಇದು. ಅರಬ್ಬಿಯ ಸಫರ್ ಎಂಬ ಶಬ್ದ ಇದಕ್ಕೆ ಮೂಲ. ಮೊದಲು ವರ್ತಕರ ತಂಡಗಳಿಗೆ ಸಲ್ಲುತ್ತಿದ್ದ ಈ ಮಾತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ರೀಮಂತ ಬೇಟೆಗಾರರ ಪಾಲಾಯಿತು. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ಆಂಗ್ಲರು 1896ರಲ್ಲಿ ಆರಂಭಿಸಿದ ರೈಲುಹಾದಿಯು 1901ರಲ್ಲಿ ಸರೋವರವನ್ನು ಮುಟ್ಟಿತು. ಅದನ್ನು ಹಾಸಿದವರು ಬಹುಮಟ್ಟಿಗೆ ಇಂಡಿಯಾದಿಂದ ಹೋದ 30,000ಕ್ಕೂ ಹೆಚ್ಚು ಮಂದಿ ಕೂಲಿಗಳು. ಅವರಲ್ಲಿ ಸುಮಾರು 2,500 ಜನ ಅಲ್ಲಿಯೇ ಮಡಿದರು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಇದೇ ಹಾದಿಯಲ್ಲಿ, ಎಂಜಿನ್ನಿನ ಮುಂಭಾಗದ ಪೀಠದ ಮೇಲೆ ಕುಳಿತು, ಎರಡು ಪಕ್ಕದಲ್ಲಿಯೂ ಮೃಗಗಳ ಹಿಂಡುಗಳನ್ನು ನೋಡುತ್ತ ಹೋದರು; ಬಹು ಪ್ರಾಚೀನವಾದ ಭೂಯುಗವೊಂದರ ನಡುವೆ ರೈಲು ಹಾಯುವಂತೆ ಅವರಿಗೆ ತೋರಿತು. ಬಳಿಕ ಅವರೂ ಅವರ ಮಗ ಕರ್ಮಿಟನೂ ಸೇರಿ, ತಮ್ಮದೇ ಲೆಕ್ಕದಂತೆ, 512 ಪ್ರಾಣಿಗಳನ್ನು ಹೊಡೆದರು. ಅವುಗಳಲ್ಲಿ 17 ಸಿಂಹಗಳೂ 11 ಆನೆಗಳೂ 20 ಖಡ್ಗಮೃಗಗಳೂ ಇದ್ದುವು.

ಕೋವಿಯ ಜಾಗದಲ್ಲಿ ಕ್ಯಾಮರಾ ಬಂದುದು ಒಮ್ಮೆಗೇ ಆದುದಲ್ಲ. ಜರ್ಮನಿಯ ಶಿಲ್ಲಿಂಗ್ಸ್ ಎಂಬವರು ರಾತ್ರಿಯಲ್ಲಿ ಮಿಂಚುಬೆಳಕು ಹಾಯಿಸಿ ತೆಗೆದ ಮೃಗಗಳ ಚಿತ್ರಗಳು 1905ರ ವೇಳೆಗೆ ಯೂರೋಪನ್ನು ಬೆರಗುಗೊಳಿಸಿದುವು. ಆದರೆ ಅವರು ಕೋವಿಯನ್ನೂ ಕೆಳಗಿಡಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. ಮರುವರ್ಷ ಮೊದಲ ಪ್ರವಾಸಿಗಳ ಮೋಟಾರುಗಳು ಅದರೊಳಗೆ ಹೋದುವು. ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನವು 1946ರಲ್ಲಿ ನೈರೋಬಿ ನಗರದ ಮಗ್ಗುಲಲ್ಲಿಯೇ ಆಯಿತು; 1977ರಲ್ಲಿ ಆ ದೇಶವು ಬೇಟೆಯನ್ನೇ ನಿಷೇಧಿಸಿತು. ಆದರೂ ಹಳೆಯ ಕಾಲದ ಗುರುತು ಅಳಿದಿಲ್ಲ. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಇವನ್ನು ಮಹಾಪಂಚಕವೆಂದು ಇಂದಿನ ಪ್ರವಾಸಿಗಳು ಎಣಿಸುವರು. ಕಾಲ್ನಡೆಯಲ್ಲಿ ಬೇಟೆಯಾಡುವವರಿಗೆ ಅತ್ಯಂತ ಅಪಾಯಕರವಾದ ಮೃಗಗಳೆಂದು ಬೇಟೆಗಾರರು ಮಾಡಿಕೊಂಡಿದ್ದ ಪಟ್ಟಿಯೇ ಅದು.

ಇನ್ನು ರೂಸ್‌ವೆಲ್ಟರು ಕಂಡ ಆದಿಯುಗದ ವಿಷಯ. ಅವರ ಪ್ರಯಾಣಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಚಿತ್ರವೇ ಬೇರೆಯಾಗಿದ್ದಿತು. ಕನ್ನಡ ನಾಡಿನ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿಯು 1887ರ ಸುಮಾರಿನಲ್ಲಿ ಎರಿಟ್ರಿಯದ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಇಟಲಿಯ ಸೈನ್ಯಕ್ಕೆಂದು ಇಂಡಿಯಾದಿಂದ ತಂದ ದನಗಳ ಮೂಲಕ ಅದು ಬಂದಿತೆಂಬ ಮಾತೂ ಪ್ರಚಾರದಲ್ಲಿದೆ. ಹತ್ತು ವರ್ಷಗಳೊಳಗೆ ಅದು ಖಂಡದ ದಕ್ಷಿಣದ ತುದಿಯನ್ನು ಮುಟ್ಟಿತು. ಮಸಾಯಿಗಳ ದನಗಳಲ್ಲಿ ಬಹುಪಾಲು ಸತ್ತುವು. ಕಾಡೆಮ್ಮೆ, ವಿಲ್ಡಬೀಸ್ಟ್ ಮೊದಲಾದ ವನ್ಯಮೃಗಗಳೂ ರಾಶಿರಾಶಿಯಾಗಿ ಬಿದ್ದುವು. ಹಾಲನ್ನೇ ನಂಬಿದ ಜನಕ್ಕೆ ಕ್ಷಾಮವೂ ಸಿಡುಬೂ ಜೊತೆಯಾಗಿ ಬಂದೊದಗಿದುವು. 1892ರಲ್ಲಿ ಗೊರೊಂಗೊರೊ ಪ್ರದೇಶವನ್ನು ಹಾದುಹೋದ ಆಸ್ಟ್ರಿಯಾದ ಓಸ್ಕರ್ ಬೌಮನ್ನರು ಅಲ್ಲಿ ಹಸಿವಿನಿಂದ ಎಲುಬುಗೂಡಾಗಿದ್ದ ಮಸಾಯಿಗಳನ್ನು ಕಂಡು ಬರೆದಿಟ್ಟಿದ್ದಾರೆ. ಮೇಯುವ ದನವಿಲ್ಲದಾಗಲು ಎಷ್ಟೋ ಕಡೆ ಪೊದೆಗಳು ಬೆಳೆದುವು. ಪೊದೆಗಳೊಡನೆ ತ್ಸೆತ್ಸೆ ನೊಣವೂ ಹರಡಿ, ಜನರು ಮರಳಿ ನೆಲೆಸುವುದು ಕಷ್ಟವಾಯಿತು. ಹೀಗೆ ಬರಿದಾದ ನೆಲವನ್ನೇ ಮುಂದೆ ಬಂದ ಪಾಶ್ಚಾತ್ಯರು ಎಂದೂ ಜನವಿಲ್ಲದ ನೆಲವೆಂದು ಬಗೆದರು.

ಸೆರೆಂಗೆಟಿಯು 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಎಲ್ಲೆಯನ್ನು ಮಾರ್ಪಡಿಸುವ ಚರ್ಚೆ ನಡೆದಾಗ, ಫ್ರಾಂಕ್‌ಫರ್ಟ್ ಮೃಗಾಲಯದ ಮುಖ್ಯಾಧಿಕಾರಿಗಳಾಗಿದ್ದ ಬರ್ನ್‌ಹಾರ್ಡ್ ಗ್ರಿಜಿಮೆಕ್ಕರೂ ಅವರ ಮಗ ಮೈಕೇಲರೂ ಪಟ್ಟೆಕುದುರೆಯಂತೆ ಬಣ್ಣ ಬಳಿದ ಸಣ್ಣ ವಿಮಾನವೊಂದರಲ್ಲಿ ಹಾರಾಡಿ ಮೃಗಗಳನ್ನು ಎಣಿಸಿದರು. ಅವರ ಎಣಿಕೆಗೆ ಸಿಕ್ಕಿದ ವಿಲ್ಡಬೀಸ್ಟ್‌ಗಳು ಸುಮಾರು ಒಂದು ಲಕ್ಷ. 1959ರ ಜನವರಿ 10ರಂದು ರಣಹದ್ದೊಂದು ತಗುಲಿ ವಿಮಾನವು ಉರುಳಿ ಮೈಕೇಲರು ಮೃತರಾದರು. ಅವರ ಸಮಾಧಿಯು ಗೊರೊಂಗೊರೊ ಕುಳಿಯ ಅಂಚಿನಲ್ಲಿದೆ. 1987ರಲ್ಲಿ ತೀರಿಕೊಂಡ ತಂದೆಯನ್ನೂ ಅದರ ಪಕ್ಕದಲ್ಲಿಯೇ ಇರಿಸಿದರು. ತಂದೆಮಕ್ಕಳು ನಿರ್ಮಿಸಿದ ಚಲಚ್ಚಿತ್ರವು ಸೆರೆಂಗೆಟಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಉದ್ಯಾನದೊಳಗೆ ಸ್ಥಳೀಯರೂ ಇರಬಾರದೆಂಬುದು ಗ್ರಿಜಿಮೆಕ್ಕರ ಮತ. ಅದೇ 1959ರಲ್ಲಿ ಮಸಾಯಿಗಳು ತಮ್ಮ ದನಕರುಗಳೊಡನೆ ಸೆರೆಂಗೆಟಿಯನ್ನು ಬಿಟ್ಟು ಹೊರಡಬೇಕಾಯಿತು. ಬದಲಿಗೆ ಗೊರೊಂಗೊರೊವಿನಲ್ಲಿ ಮೃಗಗಳ ಜೊತೆಯಲ್ಲಿಯೇ ವಾಸಿಸುವ ಹಕ್ಕನ್ನು ಅವರಿಗೆ ಕೊಟ್ಟರು. 2022ರಲ್ಲಿ ಅಲ್ಲಿಂದಲೂ ಅವರನ್ನು ದೂರದ ಎಂಸೊಮೆರಾ ಎಂಬ ಊರಿಗೆ ಸಾಗಿಸುವ ಕಾರ್ಯವನ್ನು ಸರ್ಕಾರವು ಕೈಗೊಂಡಿತು.

ಇತ್ತ ಒಂದು ಲಕ್ಷವಿದ್ದ ಹಿಂಡು 1977ರ ವೇಳೆಗೆ ಹದಿಮೂರು ಲಕ್ಷವಾದುದಕ್ಕೆ ಮುಖ್ಯ ಕಾರಣ ಕಾವಲುಗಾರನ ಕೋವಿಯಲ್ಲ, ಪಶುವೈದ್ಯನ ಸೂಜಿ. ಬಯಲಿನ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದುದರಿಂದ, 1960ರ ದಶಕದ ಆರಂಭದಲ್ಲಿ ವಿಲ್ಡಬೀಸ್ಟ್ ಕರುಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗವು ನಿಂತುಹೋಯಿತು. 2011ರಲ್ಲಿ ಅದು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಕೊಟ್ಟಿಗೆಯ ದನ ಸುಖವಾದಾಗ ಅಡವಿಯ ಮೃಗವೂ ಸುಖವಾಯಿತು.

ಆದುದರಿಂದ ಪ್ರವಾಸಿಯ ಕಣ್ಣಿಗೆ ಬೀಳುವ ಆ ಅಪಾರ ಮೃಗಸಮೂಹವು ಕಾಲದ ಹೊರಗಿನ ವಸ್ತುವಲ್ಲ. ಒಂದು ಮಾರಿಯ ಬರವೂ ಹೋಕೂ, ಒಂದು ಜನದ ಸ್ಥಾನಭ್ರಂಶವೂ ಅದರ ಹಿಂದೆ ಇವೆ. ಇದನ್ನು ತಿಳಿದು ನೋಡುವವನಿಗೆ ನೋಟದ ಸೊಗಸು ಕುಂದುವುದಿಲ್ಲ. ಆದರೆ ಜನವಿಲ್ಲದ ಆ ಬಯಲನ್ನು ಕಂಡಾಗ, ಇಲ್ಲಿದ್ದವರು ಎಲ್ಲಿಗೆ ಹೋದರೆಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಏಳದೆ ಇರದು.