ಆಟದ ಕೋವಿ ಒದೆಯಲು ಎಷ್ಟು ಕರೆಂಟು ಬೇಕು?

ಕೈಲ್ ಮುಹೂರ್ತದ ದಿನ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವರಿಗೆ ಕೋವಿ ಒದೆಯುವುದು ಅಂದರೇನು ಅಂತ ನಾವು ಹೇಳಿಕೊಡಬೇಕಿಲ್ಲ. ಗುಂಡು ಮುಂದಕ್ಕೆ ಚಿಮ್ಮುತ್ತದೆ, ಕೋವಿಯ ಹಿಂಬದಿ ಹೆಗಲಿಗೆ ಗುದ್ದುತ್ತದೆ. ಆದರೆ ಗುಂಡೂ ಇಲ್ಲದ, ಮದ್ದೂ ಇಲ್ಲದ ಪ್ಲಾಸ್ಟಿಕ್ ಕೋವಿ ಹೇಗೆ ಒದೆಯುತ್ತದೆ? ಪೇಟೆಯ ಮಾಲ್‌ಗಳ ಗೇಮ್ ಯಂತ್ರದಲ್ಲಿ ಟ್ರಿಗರ್ ಒತ್ತಿದರೆ ಕೈಗೆ ಪಟ್ ಅಂತ ಹೊಡೆತ ಬೀಳುತ್ತದಲ್ಲ, ಅದು ಪೂರ್ತಿ ಕರೆಂಟಿನ ಕೆಲಸ.

ಇಂಥ ಗನ್ನು ತರಿಸಿ ಜಾತ್ರೆಯಲ್ಲಿ ಗೇಮ್ ಸ್ಟಾಲ್ ಹಾಕೋಣ ಅಂತಿರುವ ಹುಡುಗರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, 12 ವೋಲ್ಟಿನ ಅಡಾಪ್ಟರ್ ಸಾಕಾ, 24ರದು ಬೇಕಾ?" ಒಂದು ಸಾಲಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಹಾಗೆ ಹೇಳಿದರೆ ಮುಂದಿನ ಸಲ ಬೇರೆ ಗನ್ನು ತಂದಾಗ ಮತ್ತೆ ಕೇಳಬೇಕಾಗುತ್ತದೆ. ಈ ಪ್ರಶ್ನೆಗೆ ಹತ್ತಿರ ಹತ್ತಿರ 90 ವರ್ಷದ ಕಥೆ ಇದೆ. ಅದನ್ನು ತಿಳಿದರೆ ಉತ್ತರ ತಾನಾಗಿ ಹೊರಬರುತ್ತದೆ.

1936ರಲ್ಲಿ ಅಮೆರಿಕದ ಶಿಕಾಗೋದ ಸೀಬರ್ಗ್ ಕಂಪನಿ 'ರೇ-ಓ-ಲೈಟ್' ಎಂಬ ಯಂತ್ರ ತಂದಿತು. ಸೀಬರ್ಗ್‌ನವರು ಹೆಸರು ಮಾಡಿದ್ದು ಕಾಸು ಹಾಕಿದರೆ ಹಾಡು ಕೇಳಿಸುವ ಪೆಟ್ಟಿಗೆಗಳಿಂದ. ಈ ಹೊಸ ಯಂತ್ರದಲ್ಲಿ ಬಾತುಕೋಳಿ ಓಡಾಡುತ್ತಿತ್ತು, ಅದರ ಮೈಯಲ್ಲಿ ಬೆಳಕು ಬಿದ್ದರೆ ಗೊತ್ತಾಗುವ ಒಂದು ಗಾಜಿನ ಕೊಳವೆ. ಗನ್ನು ಬಿಡುತ್ತಿದ್ದದ್ದು ಬೆಳಕಿನ ಕಿರಣ ಮಾತ್ರ. ಕಿರಣ ಕೊಳವೆಗೆ ತಾಗಿದರೆ ಬಾತುಕೋಳಿ ಸತ್ತ ಲೆಕ್ಕ. ಬೆಳಕಿನ ಕೋವಿ ಹುಟ್ಟಿದ್ದು ಹೀಗೆ.

ಒದೆತದ ಬೇರು ಮಾತ್ರ ಇನ್ನೊಂದು ಆಟದಲ್ಲಿದೆ. 1933ರಲ್ಲಿ ಹ್ಯಾರಿ ವಿಲಿಯಮ್ಸ್ ಎಂಬಾತ 'ಕಾಂಟ್ಯಾಕ್ಟ್' ಎಂಬ ಪಿನ್‌ಬಾಲ್ ಮೇಜು ಮಾಡಿದ. ಇಳಿಜಾರು ಹಲಗೆಯ ಮೇಲೆ ಗೋಲಿ ಉರುಳುವ ಆಟ ಅದು. ಗೋಲಿ ಕುಳಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು ಎನ್ನುವ ಕಾಲದಲ್ಲಿ, ಆತ ಕುಳಿಯೊಳಗಿನ ಗೋಲಿಯನ್ನು ಕರೆಂಟಿನಿಂದ ಒದ್ದು ಮತ್ತೆ ಹಲಗೆಗೆ ತಂದ. ಒದ್ದದ್ದು ಸೋಲೆನಾಯ್ಡ್: ತಾಮ್ರದ ತಂತಿಯ ಸುರುಳಿ, ನಡುವೆ ಜಾರುವ ಕಬ್ಬಿಣದ ತುಂಡು. ಸುರುಳಿಗೆ ಕರೆಂಟು ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣವನ್ನು ಒಳಕ್ಕೆಳೆದುಕೊಳ್ಳುತ್ತದೆ, ಕರೆಂಟು ನಿಂತರೆ ಸ್ಪ್ರಿಂಗು ವಾಪಸ್ ತಳ್ಳುತ್ತದೆ. ಇದರ ಸಂಬಂಧಿ ನಿಮ್ಮ ಹೊಲದಲ್ಲೇ ಇದೆ. ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಒಳಗೆ ಟಪ್ ಅಂತ ಹಿಡಿದುಕೊಳ್ಳುವ ಕಾಯಿಲ್ ಇದೇ ಜಾತಿಯದು. ಸೋಲೆನಾಯ್ಡ್ ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿನ ಆಂಪಿಯರ್, 1820ರ ದಶಕದಲ್ಲಿ. ಕರೆಂಟು ಅಳೆಯುವ ಆಂಪಿಯರ್ ಎಂಬ ಮಾತೂ ಅವನ ಹೆಸರೇ.

'ಕಾಂಟ್ಯಾಕ್ಟ್' ಮೇಜಿಗೆ ಕರೆಂಟು ಬಂದದ್ದು ಒಣ ಬ್ಯಾಟರಿಯಿಂದ. ಒಣ ಬ್ಯಾಟರಿ ಹೆಚ್ಚು ಹೊತ್ತು ಬರುವುದಿಲ್ಲ. ಸೆಲ್ಲು ಇಳಿದಂತೆ ಒದೆತವೂ ಇಳಿಯುತ್ತದೆ, ಗೋಲಿ ಕುಳಿಯಲ್ಲೇ ಕುಳಿತುಬಿಡುತ್ತದೆ, ಕಾಸು ಹಾಕಿದವನು ಬೈದು ಹೋಗುತ್ತಾನೆ. ನಮ್ಮ ಹುಡುಗರ ಪ್ರಶ್ನೆ ಮೊದಲು ಎದ್ದದ್ದು ಅಲ್ಲಿ ಅಂತ ನಮಗನಿಸುತ್ತದೆ. ಮುಂದೆ ಯಂತ್ರಗಳು ಗೋಡೆಯ ಪ್ಲಗ್ಗಿಗೆ ಬಂದವು, ಹೊಟ್ಟೆಯೊಳಗೆ ಭಾರದ ಟ್ರಾನ್ಸ್‌ಫಾರ್ಮರ್ ಕೂತಿತು. ಪಿನ್‌ಬಾಲ್ ಕಾಯಿಲ್‌ಗಳು ಸುಮಾರು 25ರಿಂದ 50 ವೋಲ್ಟಿನವರೆಗೆ ಓಡತೊಡಗಿದವು. ಕಡಿಮೆ ವೋಲ್ಟಿನಲ್ಲಿ ಅಷ್ಟೇ ಜೋರು ಒದೆತ ಬೇಕೆಂದರೆ ತುಂಬಾ ಆಂಪಿಯರ್ ಹರಿಸಬೇಕು, ತಂತಿಯೂ ದಪ್ಪ ಆಗಬೇಕು.

ಜಪಾನಿನ ಕಥೆ ಬೇರೆ ದಾರಿ ಹಿಡಿಯಿತು. 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆ ಮಾಡಲು ಶುರುವಾದ ನಿಂಟೆಂಡೊ ಕಂಪನಿ 1970ರಲ್ಲಿ ಬೆಳಕಿನ ಆಟಿಕೆ ಕೋವಿ ತಂದಿತು. ರೂಪಿಸಿದವನು ಗುನ್‌ಪೇ ಯೊಕೊಯಿ. ಬೆಳಕು ಹಿಡಿಯುವ ಸೋಲಾರ್ ಸೆಲ್ಲು ಶಾರ್ಪ್ ಕಂಪನಿಯದು. ಆ ಸೆಲ್ಲು ಮಾರಲು ಬಂದ ಮಸಾಯುಕಿ ಉಯೆಮುರಾ ಕೊನೆಗೆ ನಿಂಟೆಂಡೊಗೇ ಸೇರಿಕೊಂಡು, ಮುಂದೆ ಅವರ ಹೆಸರುವಾಸಿ ಟಿವಿ ಗೇಮ್ ಪೆಟ್ಟಿಗೆಯನ್ನು ರೂಪಿಸಿದ. 1973ರಲ್ಲಿ ಇದೇ ಕಂಪನಿ ಮುಚ್ಚಿಹೋದ ಬೌಲಿಂಗ್ ಅಂಕಣಗಳಲ್ಲಿ ಬೆಳಕಿನ ಬಂದೂಕಿನ ಆಟ ಹೂಡಿತು. ಅದೇ ವರ್ಷ ಪೆಟ್ರೋಲಿನ ಬಿಕ್ಕಟ್ಟು ಬಂದು ಜನ ಕೈ ಬಿಗಿ ಮಾಡಿದರು, ಕಂಪನಿ ಸಾಲದಲ್ಲಿ ಮುಳುಗಿತು. ಎದ್ದು ಬಂದದ್ದು ಈಗ ಇತಿಹಾಸ.

1984ರ 'ಡಕ್ ಹಂಟ್' ಹೊತ್ತಿಗೆ ತಂತ್ರ ತಿರುವುಮುರುವಾಗಿತ್ತು. ಬೆಳಕು ಬಿಡುವುದು ಟಿವಿ, ನೋಡುವ ಕಣ್ಣು ಗನ್ನಿನೊಳಗೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬಿಳಿ ಗನ್ನಿಗೆ ಕಂಡರೆ ಗುರಿ ತಾಗಿದ ಹಾಗೆ. ನಮ್ಮ ಕಡೆ ಟಿವಿ ಗೇಮ್ ಅಂತ ಮಾರುತ್ತಿದ್ದ ನಕಲು ಪೆಟ್ಟಿಗೆಗಳ ಜೊತೆ ಬರುತ್ತಿದ್ದ ಗನ್ನು ಇದೇ. (ಟ್ಯೂಬ್‌ಲೈಟಿಗೆ ಹಿಡಿದು ಹೊಡೆದು ಮೋಸ ಮಾಡಲು ನೋಡಿದವರು ಇದನ್ನು ಓದುತ್ತಿದ್ದೀರಿ ಅಂತ ನಮಗೆ ಗೊತ್ತು.) ಈ ಗನ್ನು ಕಣ್ಣಿನ ಕೆಲಸ ಮಾಡುತ್ತಿತ್ತೇ ಹೊರತು ಒದೆಯುತ್ತಿರಲಿಲ್ಲ. ಬೆಳಕು ನೋಡಲು ಚಿಟಿಕೆಯಷ್ಟು ಕರೆಂಟು ಸಾಕು. ಒದೆಯಲು ಸಾಲದು.

ಒದೆತ ಬೆಳೆದದ್ದು ದೊಡ್ಡ ಯಂತ್ರಗಳಿರುವ ಆಟದಂಗಡಿಗಳಲ್ಲಿ. 1987ರಲ್ಲಿ ಟೈಟೊ ಕಂಪನಿಯ 'ಆಪರೇಷನ್ ವುಲ್ಫ್' ಯಂತ್ರಕ್ಕೆ ಜೋಡಿಸಿದ್ದ ಗನ್ನು ಹೊಡೆಯುವಾಗ ಕೈಯಲ್ಲಿ ಅದುರುತ್ತಿತ್ತು. 1995ರಲ್ಲಿ ನಾಮ್ಕೊದ 'ಟೈಮ್ ಕ್ರೈಸಿಸ್' ಬಂತು. ಪ್ರತಿ ಗುಂಡಿಗೂ ಪಿಸ್ತೂಲಿನ ಒದೆತ ಅಂಗೈಗೆ ತಾಗುತ್ತಿತ್ತು. ಎರಡು ವರ್ಷ ಬಿಟ್ಟು ಅದೇ ಆಟ ಪ್ಲೇಸ್ಟೇಷನ್ನಿನ ಮೇಲೆ ಮನೆಗೆ ಬಂದಾಗ ಗನ್ನೂ ಬಂತು, ಒದೆತ ಬರಲಿಲ್ಲ. ಆಳೆತ್ತರದ ಯಂತ್ರದ ಹೊಟ್ಟೆಯಲ್ಲಿ ಎಷ್ಟು ದೊಡ್ಡ ಪವರ್ ಸಪ್ಲೈ ಬೇಕಾದರೂ ಇಡಬಹುದು. ಮನೆಯ ಗನ್ನಿನ ತೆಳ್ಳನೆ ವೈರಿಗೆ ಆ ಭಾಗ್ಯವಿಲ್ಲ.

ಹಳೆಯ ಅಟಾರಿ ಯಂತ್ರಗಳ ಬಾಗಿಲು ತೆಗೆದರೆ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರು, ಪಕ್ಕದಲ್ಲೊಂದು ದಪ್ಪ ನೀಲಿ ಕೆಪಾಸಿಟರು ಕಾಣುತ್ತಿತ್ತು. 1985ರಲ್ಲಿ ಜಪಾನಿನ ಯಂತ್ರ ತಯಾರಕರ ಸಂಘ 'ಜಮ್ಮಾ' ಎಲ್ಲರಿಗೂ ಒಂದೇ ಥರದ ವೈರಿಂಗ್ ನಿಯಮ ಮಾಡಿತು. ಅದರಲ್ಲಿ ಬೋರ್ಡಿಗೆ 5 ವೋಲ್ಟು, 12 ವೋಲ್ಟು, ಮೈನಸ್ 5 ವೋಲ್ಟು ಇದ್ದವು. 24 ವೋಲ್ಟು ಇರಲಿಲ್ಲ. ಅಂದರೆ ಲೆಕ್ಕ ಮಾಡುವ ಬೋರ್ಡಿನ ಕರೆಂಟೇ ಬೇರೆ, ಒದೆಯುವ ಕಾಯಿಲ್ಲಿನ ಕರೆಂಟೇ ಬೇರೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಡಬ್ಬಾ ಟಿವಿ ಹೋಗಿ ಚಪ್ಪಟೆ ಟಿವಿ ಬಂತು, ಹಳೆಯ ಗನ್ನುಗಳು ಕುರುಡಾದವು. ಹೊಸ ಪರದೆ ಚಿತ್ರ ತೋರಿಸುವ ರೀತಿ ಬೇರೆ, ಹೊತ್ತೂ ಕೊಂಚ ತಡ. 2019ರಲ್ಲಿ ಇಂಗ್ಲೆಂಡಿನ ಆಂಡಿ ಸಿಂಡೆನ್ ಜನರಿಂದಲೇ ಹಣ ಕೂಡಿಸಿ ಹೊಸ ಗನ್ನು ತಂದರು. ಅದರೊಳಗೆ ಕ್ಯಾಮೆರಾ ಇದೆ, ಪರದೆಯ ಸುತ್ತ ಹಾಕಿದ ಬಿಳಿ ಅಂಚನ್ನು ನೋಡಿ ಗುರಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಅದರಲ್ಲಿ ಒದೆಯುವ ಮಾದರಿಯೂ ಉಂಟು. ಇನ್‌ಫ್ರಾರೆಡ್ ದೀಪ ಜೋಡಿಸಿ ಮನೆಯಲ್ಲೇ ಗನ್ನು ಕಟ್ಟಿಕೊಳ್ಳುವವರೂ ಹುಟ್ಟಿಕೊಂಡರು. ಯಂತ್ರದ ಹೊಟ್ಟೆಯಲ್ಲಿ ಅಡಗಿದ್ದ ಪವರ್ ಸಪ್ಲೈ ಪ್ರಶ್ನೆ ಹೀಗೆ ನಮ್ಮ ಮೇಜಿನ ಮೇಲೆ ಬಂದು ಕೂತಿತು.

ಈಗ ಲೆಕ್ಕ. ಗನ್ನು ಕಂಪ್ಯೂಟರಿಗೆ ಸೇರುವುದು ಯುಎಸ್‌ಬಿ ವೈರಿನಿಂದ. ಹಳೆಯ ಯುಎಸ್‌ಬಿ ಕಿಂಡಿಯ ನಿಯಮದ ಪ್ರಕಾರ ಸಿಗುವುದು 5 ವೋಲ್ಟು, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವ್ಯಾಟ್. ಕಾಯಿಲ್ಲಿನ ಕಡೆ ನೋಡಿ. ಅದರ ರೆಸಿಸ್ಟೆನ್ಸ್ 8 ಓಮ್, ಸಪ್ಲೈ 24 ವೋಲ್ಟು ಅಂತಿಟ್ಟುಕೊಳ್ಳೋಣ. 24ನ್ನು 8ರಿಂದ ಭಾಗಿಸಿದರೆ 3 ಆಂಪಿಯರ್, ಅಂದರೆ 72 ವ್ಯಾಟ್. ಎಲ್ಲಿಯ ಎರಡೂವರೆ, ಎಲ್ಲಿಯ 72!

ಒದೆತ ಇರುವುದು ಕ್ಷಣ ಮಾತ್ರ. ಒಂದು ಸೆಕೆಂಡನ್ನು ಸಾವಿರ ಮಾಡಿ ಅದರಲ್ಲಿ 40 ಪಾಲು ಅನ್ನಿ. ಸೆಕೆಂಡಿಗೆ 5 ಗುಂಡು ಹೊಡೆದರೆ ಕಾಯಿಲ್ ಓಡುವುದು ಐದರಲ್ಲಿ ಒಂದು ಪಾಲು ಹೊತ್ತು, ಸರಾಸರಿ 14 ವ್ಯಾಟ್ ಚಿಲ್ಲರೆ. ಇಲ್ಲೇ ಬಹಳ ಜನ ಎಡವುತ್ತಾರೆ. ಸರಾಸರಿ ನೋಡಿ 24 ವೋಲ್ಟು 1 ಆಂಪಿಯರಿನ ಅಗ್ಗದ ಅಡಾಪ್ಟರ್ ತರುತ್ತಾರೆ. ಸರಾಸರಿಗೆ ಅದು ಸಾಕು, ಆದರೆ ಒದೆಯುವ ಆ ಕ್ಷಣಕ್ಕೆ 3 ಆಂಪಿಯರ್ ಬೇಕು. ಅಡಾಪ್ಟರ್ ಕೈಯೆತ್ತುತ್ತದೆ, ವೋಲ್ಟು ಕುಸಿಯುತ್ತದೆ. ಬ್ಯಾಟರಿ ಇಳಿದ ಟ್ರ್ಯಾಕ್ಟರಿಗೆ ಸೆಲ್ಫ್ ಹಾಕಿದಾಗ ಇಂಜಿನ್ ತಿರುಗದೆ ಕಟಕಟಕಟ ಅನ್ನುವುದಿಲ್ಲವೇ, ಅದೇ ರೋಗ. ಸೋಲೆನಾಯ್ಡ್ ಹಿಡಿದ ಕೂಡಲೇ ಮೋಟಾರು ಕರೆಂಟು ಎಳೆಯುತ್ತದೆ, ವೋಲ್ಟು ಬೀಳುತ್ತದೆ, ಹಿಡಿತ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಗನ್ನಿನ ಬೋರ್ಡಿಗೂ ಅದೇ ಅಡಾಪ್ಟರಿನಿಂದ ಕರೆಂಟು ಹೋಗುತ್ತಿದ್ದರೆ ಪ್ರತಿ ಗುಂಡಿಗೂ ಬೋರ್ಡು ಆಫ್ ಆಗಿ ಆನ್ ಆಗುತ್ತದೆ. ಹಳೆಯ ಯಂತ್ರದವರು ಎರಡಕ್ಕೂ ಬೇರೆ ಬೇರೆ ಸಪ್ಲೈ ಇಟ್ಟದ್ದು ಸುಮ್ಮನಲ್ಲ.

ಕೆಪಾಸಿಟರ್ ಇದ್ದರೆ ಸ್ವಲ್ಪ ಆಸರೆ. ಅದು ಓವರ್‌ಹೆಡ್ ಟ್ಯಾಂಕಿದ್ದ ಹಾಗೆ: ಮೋಟಾರು ನಿಧಾನಕ್ಕೆ ತುಂಬಿಸಿದರೂ ನಲ್ಲಿಯಲ್ಲಿ ಜೋರಾಗಿ ಬರುತ್ತದೆ. ಆದರೆ ಟ್ಯಾಂಕಿಗೂ ಅಳತೆ ಇದೆ. 24 ವೋಲ್ಟಿಗೆ ತುಂಬಿದ 4700 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 1.35 ಜೂಲ್ ಶಕ್ತಿ ಇರುತ್ತದೆ, ನಮ್ಮ ಒಂದು ಒದೆತಕ್ಕೆ ಬೇಕಾದದ್ದು ಸುಮಾರು 2.9 ಜೂಲ್. ಅದನ್ನೇ ನಂಬಿ ಕೂರುವ ಹಾಗಿಲ್ಲ. ಅಡಾಪ್ಟರೇ ಗಟ್ಟಿ ಇರಬೇಕು.

"ಜಾಸ್ತಿ ಆಂಪಿಯರಿನದು ಹಾಕಿದರೆ ಗನ್ನು ಸುಟ್ಟುಹೋಗಲ್ವಾ?" ಎಂಬ ಭಯ ನಮ್ಮ ಕಡೆ ತುಂಬಾ ಇದೆ. ಸುಡುವುದಿಲ್ಲ. ಆಂಪಿಯರ್ ಅಂದರೆ ಅಡಾಪ್ಟರ್ ಕೊಡಬಲ್ಲ ಮಿತಿ, ಗನ್ನು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಸುಡುವುದು ವೋಲ್ಟು. 12 ವೋಲ್ಟಿಗೆ ಮಾಡಿದ ಕಾಯಿಲ್ಲಿಗೆ 24 ಕೊಟ್ಟರೆ ಕರೆಂಟು ಎರಡರಷ್ಟಾಗುತ್ತದೆ, ಬಿಸಿ ನಾಲ್ಕರಷ್ಟಾಗುತ್ತದೆ. ಒದೆತ ಮೊದಮೊದಲು ಭರ್ಜರಿ ಅನಿಸುತ್ತದೆ, ಆಮೇಲೆ ಸುಟ್ಟ ವಾರ್ನಿಶಿನ ವಾಸನೆ ಬರುತ್ತದೆ. 24ರ ಕಾಯಿಲ್ಲಿಗೆ 12 ಕೊಟ್ಟರೆ ಏನೂ ಹಾಳಾಗದು, ಆದರೆ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಹುಡುಗರ ಪ್ರಶ್ನೆಗೆ ಉತ್ತರ ಹೀಗೆ: ವೋಲ್ಟು ಗನ್ನಿನವರು ಬರೆದಷ್ಟೇ ಇರಲಿ, ಆಂಪಿಯರ್ ಬರೆದದ್ದಕ್ಕಿಂತ ಮುಂದೆ ಇರಲಿ. ನಮ್ಮ ಲೆಕ್ಕದ 3 ಆಂಪಿಯರ್ ಗನ್ನಿಗೆ ನಾವಾದರೆ 24 ವೋಲ್ಟು 5 ಆಂಪಿಯರಿನದನ್ನು ತರುತ್ತೇವೆ. ಇಬ್ಬರು ಆಡುವ ಎರಡು ಗನ್ನಿದ್ದರೆ ಇಬ್ಬರೂ ಒಂದೇ ಕ್ಷಣಕ್ಕೆ ಟ್ರಿಗರ್ ಒತ್ತುವುದು ಖಂಡಿತ, ಆಗ ಪ್ರತಿ ಗನ್ನಿಗೂ ಬೇರೆ ಅಡಾಪ್ಟರ್ ಇಡುವುದೇ ವಾಸಿ.

ಮನೆಯಲ್ಲೇ ಕಟ್ಟುವವರಿಗೆ ಇನ್ನೊಂದು ಹಳೆಯ ಮಾತು. ಅಮೆರಿಕದ ಜೋಸೆಫ್ ಹೆನ್ರಿ 1832ರಲ್ಲೇ ಬರೆದಿದ್ದ: ಉದ್ದನೆಯ ತಂತಿಯ ಕರೆಂಟನ್ನು ತಟ್ಟನೆ ಕಡಿದರೆ ಕಿಡಿ ಹಾರುತ್ತದೆ. ಸುರುಳಿಯಾದರೆ ಇನ್ನೂ ಜೋರು. ಕಾಯಿಲ್ ಆಫ್ ಆಗುವಾಗ ಹಾಗೆ ಎದ್ದು ಬರುವ ವೋಲ್ಟು ಬೋರ್ಡನ್ನು ಕೊಲ್ಲುತ್ತದೆ. ಕಾಯಿಲ್ಲಿನ ಎರಡು ತುದಿಗೆ ಉಲ್ಟಾ ದಿಕ್ಕಿನಲ್ಲಿ ಒಂದು ಡಯೋಡು ಬೆಸೆದರೆ ಆ ಕರೆಂಟು ಅಲ್ಲೇ ಸುತ್ತಿ ಸಾಯುತ್ತದೆ. ಕೆಲವೇ ರೂಪಾಯಿಯ ಸಾಮಾನು ಅದು.

ಕೊಳ್ಳುವಾಗ ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದ ನೋಂದಣಿ ನಂಬರು ಇದೆಯೇ ನೋಡಿ. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬ ಚಿಕ್ಕ ಚಿತ್ರವೂ ಇರುತ್ತದೆ, ಗನ್ನಿನದಕ್ಕೆ ಹೊಂದಬೇಕು. ಎಲ್‌ಇಡಿ ಬೋರ್ಡಿಗೆ ಹಾಕುವ ತೂತು ತೂತಿನ ತಗಡಿನ ಸಪ್ಲೈ ಅಗ್ಗಕ್ಕೆ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದರ ಸ್ಕ್ರೂಗಳಲ್ಲಿ 230 ವೋಲ್ಟು ಬಯಲಿಗೆ ನಿಂತಿರುತ್ತದೆ. ಜಾತ್ರೆಯಲ್ಲಿ ಗನ್ನು ಹಿಡಿಯುವುದು ಮಕ್ಕಳು, ಕೆಳಗೆ ಒದ್ದೆ ನೆಲ, ಕರೆಂಟು ಬರುವುದು ಜನರೇಟರಿನಿಂದ ಅಥವಾ ಯಾರದೋ ಅಂಗಡಿಯ ಎಳೆದ ವೈರಿನಿಂದ. ಅಂಥಲ್ಲಿ ಆ ತಗಡಿನ ಸಪ್ಲೈ ಬೇಡ. ಪೂರ್ತಿ ಮುಚ್ಚಿದ, ಲ್ಯಾಪ್‌ಟಾಪಿನದರಂಥ ಅಡಾಪ್ಟರ್ ತನ್ನಿ, ಅದನ್ನು ಮೇಜಿನ ಮೇಲೆತ್ತಿ ಗಾಳಿಯಾಡುವಂತಿಡಿ, ಗನ್ನಿಗೆ ಹೋಗುವ 24 ವೋಲ್ಟಿನ ವೈರಿಗೆ ಒಂದು ಫ್ಯೂಸ್ ಹಾಕಿ. ಅರ್ಧ ಗಂಟೆ ಆಡಿದ ಮೇಲೆ ಗನ್ನಿನ ಹಿಡಿಯನ್ನು, ಅಡಾಪ್ಟರಿನ ಬೆನ್ನನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಆಟ ನಿಲ್ಲಿಸಿ ಪ್ಲಗ್ ತೆಗೆಯಿರಿ.