ಸೆರಗು ಹಿಡಿದ ಪಿನ್ನಿನ ಚರಿತ್ರೆ

ಕಾಲೇಜಿನ ವಾರ್ಷಿಕೋತ್ಸವದ ದಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ಅನೇಕ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಅಮ್ಮಾ, ಒಂದು ಪಿನ್ನು ಕೊಡು." ಅಜ್ಜಿಯ ಮೈಸೂರು ರೇಷ್ಮೆ ಸೀರೆಯ ಸೆರಗು ವೇದಿಕೆಯ ಮೇಲೆ ಜಾರಬಾರದು, ಹಾಗೆಂದು ಸೀರೆ ಹರಿಯಲೂಬಾರದು. ಈ ಎರಡು ಆತಂಕಗಳಿಗೆ ಮನುಷ್ಯ ಬಹು ಹಿಂದಿನಿಂದಲೇ ಉತ್ತರ ಹುಡುಕಿದ್ದಾನೆ.

ನಮ್ಮ ಹಳೆಯ ಉಡುಗೆಗಳಲ್ಲಿ ಬಟ್ಟೆಯನ್ನು ಬಟ್ಟೆಯೇ ಹಿಡಿಯುತ್ತಿತ್ತು. ಕಚ್ಚೆ, ಗಂಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು ಇಷ್ಟೇ ಸಾಕಾಗಿತ್ತು. ಯುರೋಪಿನಲ್ಲಾದರೋ ಕ್ರಿ.ಪೂ. 13ನೆಯ ಶತಮಾನದಷ್ಟು ಹಿಂದೆಯೇ ಗ್ರೀಸಿನ ಮೈಸೀನಿಯನ್ನರು ಲೋಹದ ಪಿನ್ನು ಬಳಸಿದರು. ಫಿಬ್ಯುಲಾ ಎಂಬ ಅದು ರೋಮನರ ಮೇಲುಹೊದಿಕೆಯನ್ನೂ ಹಿಡಿದಿತ್ತು.

ಇಂದಿನ ಸೇಫ್ಟಿ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ 1849ರ ಏಪ್ರಿಲ್ 10ರಂದು ಪೇಟೆಂಟ್ ಪಡೆದ. ಒಂದೇ ತಂತಿಯನ್ನು ಸುರುಳಿ ಸುತ್ತಿ ಸ್ಪ್ರಿಂಗ್ ಮಾಡಿದ. ಮೊನೆಯನ್ನು ಮುಚ್ಚುವ ಕೊಂಡಿ ಇಟ್ಟ. ಸ್ಪ್ರಿಂಗ್ ಮೊನೆಯನ್ನು ಕೊಂಡಿಯೊಳಗೆ ಒತ್ತಿ ಹಿಡಿಯುವುದರಿಂದ ಪಿನ್ನು ತಾನಾಗಿ ಬಿಚ್ಚುವುದಿಲ್ಲ, ಬೆರಳಿಗೂ ಚುಚ್ಚುವುದಿಲ್ಲ. ಆ ಹಕ್ಕನ್ನು ಆತ ಕೇವಲ 400 ಡಾಲರಿಗೆ ಮಾರಿಬಿಟ್ಟ!

ಭಾರತದಲ್ಲಿ 1860ರ ದಶಕದಲ್ಲಿ ಮುಂಬಯಿಗೆ ಹೋದ ಜ್ಞಾನದಾನಂದಿನಿ ದೇವಿ ಪಾರ್ಸಿ ಮಹಿಳೆಯರ ಉಡುಗೆಯನ್ನು ಕಂಡು, ಹೊರಗೆ ಓಡಾಡಲು ಅನುಕೂಲವಾಗುವಂತೆ ಸೀರೆ ಉಡುವ ಹೊಸ ರೀತಿಯನ್ನು ಬಂಗಾಳದಲ್ಲಿ ಪರಿಚಯಿಸಿದರು. ಹೆಗಲಿನ ಮೇಲೆ ಬ್ರೋಚ್ ಬಂತು. ನಮ್ಮ ಕೊಡಗಿನಲ್ಲಿ ನೆರಿಗೆ ಹಿಂದಕ್ಕಿರುತ್ತದೆ, ಸೆರಗು ಬಲಹೆಗಲ ಮೇಲೆ ನಿಲ್ಲುತ್ತದೆ. ಅಲ್ಲಿಯೂ ಬ್ರೋಚ್ ಸೊಬಗಿನ ಜೊತೆಗೆ ಕೆಲಸವನ್ನೂ ಮಾಡುತ್ತದೆ.

ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್‌ಗೂ ಒಂದು ಅಲಂಕಾರದ ಪಿನ್ನುಂಟು. ವಿಶೇಷವೆಂದರೆ, ಅದನ್ನು ಹೊರಗಿನ ಪದರಕ್ಕೆ ಮಾತ್ರ ಚುಚ್ಚುತ್ತಾರೆ. ಎರಡೂ ಪದರಗಳನ್ನು ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಎಳೆದು ಹರಿಯುತ್ತದೆ. ಪಿನ್ನಿನ ಭಾರದಿಂದಲೇ ಅಂಚು ಗಾಳಿಗೆ ಹಾರದೆ ನಿಲ್ಲುತ್ತದೆ.

ನಮ್ಮ ಸೆರಗಿನ ಲೆಕ್ಕ ಬೇರೆ. ಅದನ್ನು ರವಿಕೆಗೆ ಕೂಡಿಸಲೇಬೇಕು. ಆದ್ದರಿಂದ ಪಿನ್ನನ್ನು ಬಟ್ಟೆಯೊಳಗೆ ಇಳಿಸಿ, ಮೇಲೆತ್ತಿ, ಮತ್ತೆ ಇಳಿಸಿ ಕೊಂಡಿ ಹಾಕಿ. ಹೀಗೆ ಎರಡು ಕಡೆ ಹಿಡಿದರೆ ಭಾರ ಹಂಚಿಹೋಗುತ್ತದೆ. ಸುರುಳಿಗೆ ರೇಷ್ಮೆಯ ಎಳೆ ಸಿಕ್ಕದಂತೆ ಮೊದಲೇ ಒಂದು ಸಣ್ಣ ಮಣಿ ಪೋಣಿಸುವ ಜಾಣ್ಮೆ ನಮ್ಮ ತಾಯಂದಿರದು. ಬ್ರೋಚ್ ತೂಕದ್ದಾದರೆ ಒಳಗೆ ಒಂದು ತುಂಡು ಬಟ್ಟೆಯನ್ನು ಆಸರೆಯಾಗಿ ಇಡಿ. ತುಕ್ಕು ಹಿಡಿದ ಪಿನ್ನನ್ನು ಮಾತ್ರ ರೇಷ್ಮೆಗೆ ತಾಗಿಸಬೇಡಿ.

ಚರಿತ್ರೆ ಎಂದರೆ ಅರಸರ ಯುದ್ಧಗಳಷ್ಟೇ ಅಲ್ಲ. ಪಿನ್ನು ಬರುವ ಮೊದಲು ಸೆರಗು ಹೇಗೆ ನಿಲ್ಲುತ್ತಿತ್ತೆಂದು ನಿಮ್ಮ ಅಜ್ಜಿಯನ್ನು ಕೇಳಿ, ಬರೆದಿಡಿ. ಪುಸ್ತಕಗಳಲ್ಲಿ ಸಿಗದ ಒಂದು ಪುಟ ನಿಮ್ಮ ಕೈಸೇರುತ್ತದೆ.