ಎಸ್‌ಎಸ್‌ಎಲ್‌ಸಿ ನಂತರದ ಕವಲು: ಮಾಹಿತಿ ತಂತ್ರಜ್ಞಾನದ ಓದಿನ ಹಾದಿಗಳಲ್ಲಿ ಗಣಿತದ ಸ್ಥಾನ

ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಸೇರಲೆಂದು ಬಯಸುವ ಕರ್ನಾಟಕದ ಮನೆಗಳಲ್ಲಿ ಚರ್ಚೆ ಕಾವೇರುವುದು ಸಿಇಟಿ ರ‍್ಯಾಂಕ್ ಕೈಗೆ ಬಂದ ಮೇಲೆ. ಯಾವ ಕಾಲೇಜು, ಕಂಪ್ಯೂಟರ್ ಸೈನ್ಸೋ ಇನ್‌ಫರ್ಮೇಷನ್ ಸೈನ್ಸೋ, ಸೀಟು ಸಿಗದಿದ್ದರೆ ಬಿಸಿಎ ಆದೀತೇ ಎಂಬ ಪ್ರಶ್ನೆಗಳೆಲ್ಲ ಏಳುವುದು ಆಗಲೇ. 1994ರಲ್ಲಿ ಸಿಇಟಿ ವ್ಯವಸ್ಥೆ ಬಂದಂದಿನಿಂದ ಪಾಲಕರ ಗಮನ ಆ ಒಂದು ಘಟ್ಟದ ಮೇಲೆ ನೆಟ್ಟಿದೆ. ಪ್ರವೇಶದ ಅರ್ಹತಾ ನಿಯಮಗಳನ್ನೂ ಕೋರ್ಸುಗಳ ಪಠ್ಯಕ್ರಮವನ್ನೂ ಜೊತೆಗಿಟ್ಟು ಓದಿದಾಗ ಬೇರೊಂದು ಚಿತ್ರ ಕಾಣುತ್ತದೆ. ತಿದ್ದಿಕೊಳ್ಳಲು ಕಷ್ಟವಾದ ತೀರ್ಮಾನ ಸಿಇಟಿಗೆ ಎರಡು ವರ್ಷ ಮೊದಲೇ ಆಗಿಹೋಗಿರುತ್ತದೆ. ಹತ್ತನೆಯ ತರಗತಿ ಮುಗಿಸಿದ ಹುಡುಗನೋ ಹುಡುಗಿಯೋ ಗಣಿತವನ್ನು ಉಳಿಸಿಕೊಂಡರೇ, ಬಿಟ್ಟರೇ ಎಂಬುದೇ ಆ ತೀರ್ಮಾನ. ಈ ಲೇಖನದ ವಾದ ಇಷ್ಟೇ.

ಮೊದಲು ವರ್ಷಗಳ ಲೆಕ್ಕ ನೋಡೋಣ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ. ಎಸ್‌ಎಸ್‌ಎಲ್‌ಸಿ ನಂತರ ಒಟ್ಟು 6 ವರ್ಷ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಿದರೆ ಉಳಿಯುವುದು ಮೂರು ವರ್ಷ. ಅಲ್ಲಿಗೂ 6 ವರ್ಷವೇ. ಬಿಸಿಎ ಮಾಡಿ ಎಂಸಿಎ ಮುಗಿಸುವವರಿಗೆ ಪಿಯುಸಿಯೂ ಸೇರಿ 7 ವರ್ಷ. ಹೀಗಿದ್ದರೂ ಡಿಪ್ಲೊಮಾ ಎಂದರೆ ಸುತ್ತುದಾರಿ, ಕಡಿಮೆ ಅಂಕ ಬಂದವರ ದಾರಿ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಾಲದ ಲೆಕ್ಕದಲ್ಲಿ ಅದಕ್ಕೆ ಆಧಾರವಿಲ್ಲ. ಮೂರನೇ ವರ್ಷದ ಕೊನೆಗೆ ಡಿಪ್ಲೊಮಾ ವಿದ್ಯಾರ್ಥಿಯ ಕೈಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದಾದ ಒಂದು ಪ್ರಮಾಣಪತ್ರವಿರುತ್ತದೆ. ಅದೇ ಹೊತ್ತಿಗೆ ಬಿಇ ಮೊದಲ ವರ್ಷ ಮುಗಿಸಿದವರ ಬಳಿ ಪಿಯುಸಿ ಅಂಕಪಟ್ಟಿಯಷ್ಟೇ ಇರುತ್ತದೆ. ಮನೆಯಲ್ಲಿ ಕಾಯಿಲೆ, ಸಾಲ, ಮಳೆ ಕೈಕೊಟ್ಟ ವರ್ಷ, ಯಾವುದಾದರೂ ಬಂದು ಓದು ಅರ್ಧಕ್ಕೆ ನಿಂತರೆ ಈ ವ್ಯತ್ಯಾಸ ಬಹಳ ದೊಡ್ಡದು. 2020-21ರ ಸಿ-20 ಪಠ್ಯಕ್ರಮ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಫುಲ್ ಸ್ಟ್ಯಾಕ್, ಕ್ಲೌಡ್, ಸೈಬರ್ ಸೆಕ್ಯುರಿಟಿಯಂಥ ವಿಶೇಷ ವಿಭಾಗಗಳನ್ನೂ ಇಂಟರ್ನ್‌ಶಿಪ್ಪನ್ನೂ ತಂದ ಮೇಲೆ ಆ ಪ್ರಮಾಣಪತ್ರಕ್ಕೆ ಹೆಚ್ಚಿನ ತೂಕ ಬಂದಿದೆ.

ಡಿಪ್ಲೊಮಾ ದಾರಿಯಲ್ಲಿ ಎರಡು ತೊಡಕುಗಳಿವೆ, ಅವನ್ನು ಮುಚ್ಚಿಡಬಾರದು. ಹೀಗೆ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿಗೆ ಮೀಸಲಾದ ಸೀಟುಗಳು ಮಂಜೂರಾದ ಪ್ರವೇಶ ಸಂಖ್ಯೆಯ ಮೇಲೆ ಶೇ. 10ರಷ್ಟು ಮಾತ್ರ. ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳೂ ಇದಕ್ಕೆ ಸೇರುತ್ತವೆ, ಆದರೆ ಒಳ್ಳೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಖಾಲಿ ಉಳಿಯುವುದೇ ಅಪರೂಪ. ಎರಡನೆಯ ತೊಡಕು ಗಣಿತ. ಡಿಪ್ಲೊಮಾದಲ್ಲಿ ಗಣಿತದ ಪಾಠ ಬಹುಮಟ್ಟಿಗೆ ಮೊದಲ ವರ್ಷಕ್ಕೇ ಮುಗಿಯುತ್ತದೆ. ಪಿಯುಸಿ ವಿದ್ಯಾರ್ಥಿ ಎರಡು ವರ್ಷ ಕಲನಶಾಸ್ತ್ರ, ಮಾತೃಕೆ, ಸಂಭವನೀಯತೆಗಳಲ್ಲಿ ಪಳಗಿ ಬಂದಿರುತ್ತಾನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಈ ಅಂತರ ಗೊತ್ತಿದೆ. 2018ರ ಸ್ಕೀಮಿನಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ‘ಅಡಿಷನಲ್ ಮ್ಯಾಥಮ್ಯಾಟಿಕ್ಸ್’ ಎಂಬ ಕಡ್ಡಾಯ ಬ್ರಿಡ್ಜ್ ಕೋರ್ಸ್ ಇತ್ತು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಪಾಸಾಗದೆ ವಿಧಿಯೂ ಇರಲಿಲ್ಲ. ಹೊಸ ಕಾಲೇಜು, ಉಳಿದ ವಿಷಯಗಳ ಹೊರೆ, ಅದರ ಮೇಲೆ ಇದು. ಪ್ರೋಗ್ರಾಮಿಂಗ್‌ನಲ್ಲಿ ಸಹಪಾಠಿಗಳಿಗಿಂತ ಮುಂದಿರುವ ಡಿಪ್ಲೊಮಾ ವಿದ್ಯಾರ್ಥಿ ಗಣಿತದ ಬ್ಯಾಕ್‌ಲಾಗ್ ಹೊತ್ತು ನಡೆಯಬೇಕಾಗುವುದು ಇಂಥಲ್ಲಿಯೇ. ಹಾಗಾಗಿ ಪಾಲಿಟೆಕ್ನಿಕ್ ಆರಿಸಿಕೊಂಡವರು ಎರಡನೇ ವರ್ಷದಿಂದಲೇ ಪಿಯುಸಿ ಗಣಿತದ ಪುಸ್ತಕವನ್ನು ತಾವಾಗಿ ಓದಿಕೊಳ್ಳುವುದು ಒಳ್ಳೆಯದು. ನನ್ನ ತಿಳಿವಳಿಕೆಯಲ್ಲಿ ಆ ದಾರಿಯ ಯಶಸ್ಸು ಬಹುಪಾಲು ಇದರ ಮೇಲೆಯೇ ನಿಂತಿದೆ.

ಬಿಸಿಎ ಕಥೆ ಬೇರೆ. ವಾಣಿಜ್ಯ, ಕಲಾ ವಿಭಾಗದವರಿಗೂ ಹಲವು ಕಡೆ ತೆರೆದಿರುವ ಕೋರ್ಸ್ ಇದು. ಸಣ್ಣ ಊರಿನ ಪದವಿ ಕಾಲೇಜಿನಲ್ಲೂ ಸಿಗುತ್ತದೆ, ಶುಲ್ಕವೂ ಸಾಮಾನ್ಯವಾಗಿ ಎಂಜಿನಿಯರಿಂಗ್‌ನಷ್ಟಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇದರ ಚೌಕಟ್ಟು ಮೇಲಿಂದ ಮೇಲೆ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯ ಏರ್ಪಾಡು ಬಂತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷ ಬಿಸಿಎ ಕೋರ್ಸು ಎಐಸಿಟಿಇ ವ್ಯಾಪ್ತಿಗೆ ಬಂತು. ಅದಕ್ಕೂ ಮೊದಲು, 2020-21ರಲ್ಲಿ, ಎಂಸಿಎ ಮೂರರಿಂದ ಎರಡು ವರ್ಷಕ್ಕೆ ಇಳಿದಿತ್ತು. ಅಣ್ಣ ಅಕ್ಕಂದಿರು ಓದಿದ ಲೆಕ್ಕದಲ್ಲಿ ತಮ್ಮ ತಂಗಿಯರಿಗೆ ಸಲಹೆ ಕೊಡುವ ಪದ್ಧತಿ ಇಲ್ಲಿ ಕೈಕೊಡುತ್ತದೆ.

ಗಣಿತವಿಲ್ಲದೆ ಬಿಸಿಎಗೆ ಸೇರಬಹುದು ಎಂಬುದನ್ನು ಅನೇಕರು ಅದರ ದೊಡ್ಡ ಅನುಕೂಲವೆಂದು ಭಾವಿಸುತ್ತಾರೆ. ಪದವಿಯ ಆಚೆಗಿನ ಷರತ್ತುಗಳನ್ನೂ ನೋಡಬೇಕು. ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು ಸಂಬಳದ ಜೊತೆಗೇ ಎಂ.ಟೆಕ್ ಓದಿಸುವ ಕಾರ್ಯಕ್ರಮ ವಿಪ್ರೊದಲ್ಲಿದೆ. ಅದರ ಪ್ರಕಟಣೆಗಳಲ್ಲಿ ಪದವಿಯಲ್ಲಿ ಮೂಲ ಗಣಿತ ಓದಿರಬೇಕು, ಬಿಸಿನೆಸ್ ಮ್ಯಾಥ್ಸ್ ಲೆಕ್ಕಕ್ಕಿಲ್ಲ ಎಂಬ ಮಾತು ಸ್ಪಷ್ಟವಾಗಿ ಕಾಣಿಸಿಕೊಂಡಿದೆ. 2017ರಲ್ಲಿ ಆರಂಭವಾದ ಎಚ್‌ಸಿಎಲ್‌ನ ‘ಟೆಕ್‌ಬಿ’ ಹನ್ನೆರಡನೇ ತರಗತಿ ಮುಗಿಸಿದವರಿಗೇ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ. ಐಟಿ ಹುದ್ದೆಗಳಿಗೆ ಅಲ್ಲಿಯೂ ಗಣಿತ ಬೇಕು. ಬಿಸಿಎಗೆ ಸೇರುವ ದಿನ ಯಾರೂ ಕೇಳದ ಗಣಿತವನ್ನು ಮೂರು ವರ್ಷದ ಬಳಿಕ ಉದ್ಯೋಗದಾತರು ಕೇಳುತ್ತಾರೆ. ಆ ಹೊತ್ತಿಗೆ ಹಿಂದಿರುಗುವುದು ಸುಲಭವಲ್ಲ.

ಇದಕ್ಕೊಂದು ಗಮನಾರ್ಹ ಅಪವಾದವಿದೆ. ಐಐಟಿ ಮದ್ರಾಸ್ ಆನ್‌ಲೈನ್ ಮೂಲಕ ಕಲಿಸುವ ಡೇಟಾ ಸೈನ್ಸ್ ಪದವಿಗೆ ಹನ್ನೆರಡನೇ ತರಗತಿಯಲ್ಲಿ ಯಾವ ವಿಭಾಗ ಓದಿದ್ದರೂ ಅಡ್ಡಿಯಿಲ್ಲ. ಹತ್ತನೆಯಲ್ಲಿ ಗಣಿತ ಮತ್ತು ಇಂಗ್ಲಿಷ್ ಇದ್ದರೆ ಸಾಕು. ಜೆಇಇ ಬದಲಿಗೆ ನಾಲ್ಕು ವಾರ ಪಾಠ ಕೇಳಿ, ಆ ಪಾಠದ ಮೇಲಿನ ಪರೀಕ್ಷೆಯಲ್ಲೇ ಅರ್ಹತೆ ಪಡೆಯಬಹುದು. ನಡುವೆ ನಿಲ್ಲಿಸಿದರೆ ಡಿಪ್ಲೊಮಾ ಪಡೆದು ಹೊರಬರಲೂ ಅವಕಾಶವಿದೆ. ಗಣಿತ ಬಿಟ್ಟವರನ್ನು ದೂರವಿಡದೆ ಮತ್ತೆ ಕಲಿಸಿ ಒಳಗೆ ಕರೆದುಕೊಳ್ಳುವ ಈ ಕ್ರಮ ನಮ್ಮ ವಿಶ್ವವಿದ್ಯಾಲಯಗಳಿಗೂ ಅನುಕರಣೀಯ.

ಪಿಯುಸಿ ಕಾಂಬಿನೇಷನ್ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬಿಇ ಕಂಪ್ಯೂಟರ್ ಸೈನ್ಸ್‌ಗೆ ಸೇರಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕೆಂಬ ನಿಯಮವಿಲ್ಲ. ಭೌತಶಾಸ್ತ್ರ, ಗಣಿತ ಕಡ್ಡಾಯ. ಜೀವಶಾಸ್ತ್ರವಿರುವ ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಓದಿದವರೂ ಸಮಾನ ಅರ್ಹರು. ಇಷ್ಟಾದರೂ, ವೈದ್ಯಕೀಯದ ಯೋಚನೆಯೇ ಇಲ್ಲದ ಮಕ್ಕಳನ್ನು ‘ಇರಲಿ’ ಎಂದು ಪಿಸಿಎಂಬಿಗೆ ಸೇರಿಸುವುದಕ್ಕಿಂತ ಎರಡು ವರ್ಷ ಪ್ರೋಗ್ರಾಮ್ ಬರೆದು ನೋಡುವ ಅವಕಾಶ ಕೊಡುವುದು ಮೇಲು. ಈ ಕೆಲಸ ತನಗೆ ಹಿಡಿಸುತ್ತದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಇನ್ನು ಬಿಇಯಲ್ಲಿ ಕಂಪ್ಯೂಟರ್ ಸೈನ್ಸ್, ಇನ್‌ಫರ್ಮೇಷನ್ ಸೈನ್ಸ್ ಎಂಬ ಹೆಸರುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಎರಡರಲ್ಲೂ ಇವೆ.

ಗಣಿತ ಬಿಡುವವರು ಯಾರು, ಏಕೆ ಬಿಡುತ್ತಾರೆ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5ರ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15ರ ಮೀಸಲಾತಿ ಇದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಅಲ್ಲಿನವರಿಗೆ ಶೇ. 70ರಷ್ಟು ಸೀಟುಗಳಿವೆ. ಆದರೆ ಇವೆಲ್ಲ ಒದಗುವುದು ಪಿಯುಸಿ ವಿಜ್ಞಾನ ದಾಟಿ ಬಂದವರಿಗೆ. ಕನ್ನಡದಲ್ಲಿ ‘ತ್ರಿಕೋನಮಿತಿ’, ‘ಬಹುಪದೋಕ್ತಿ’ ಎಂದು ಕಲಿತ ಮಗು ಜೂನ್‌ನಲ್ಲಿ ಪಿಯು ತರಗತಿಗೆ ಕಾಲಿಟ್ಟಾಗ ಅದೇ ಗಣಿತ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿದರೆ ‘ನನಗೆ ಗಣಿತ ಬರುವುದಿಲ್ಲ’ ಎಂದು ನಂಬಿ ಅದು ಬೇರೆ ವಿಭಾಗಕ್ಕೆ ಹೊರಳುತ್ತದೆ. ಬಾರದಿದ್ದದ್ದು ಭಾಷೆ, ಬಿಟ್ಟದ್ದು ಗಣಿತ. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ಪಿಯು ತರಗತಿಗಳಿಗೂ ನಡುವೆ ಸಿಗುವ ಕೆಲವು ವಾರಗಳಲ್ಲಿ, ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಇಟ್ಟು ಹತ್ತನೇ ತರಗತಿಯ ಗಣಿತವನ್ನೇ ಮತ್ತೊಮ್ಮೆ ಕಲಿಸುವ ವ್ಯವಸ್ಥೆಯನ್ನು ಸರ್ಕಾರಿ ಪಿಯು ಕಾಲೇಜುಗಳು ಮಾಡಬಹುದು. ಅದಕ್ಕೆ ಪ್ರಯೋಗಾಲಯವಾಗಲಿ ಯಂತ್ರಗಳಾಗಲಿ ಬೇಕಿಲ್ಲ. ಎರಡೂ ಭಾಷೆ ಬಲ್ಲ ಒಬ್ಬ ಉಪನ್ಯಾಸಕರು, ಒಂದು ಕಪ್ಪುಹಲಗೆ ಸಾಕು.